ದೋಣಿ ನನ್ನನ್ನು ಬಿಟ್ಟುಬಂದ ಕತೆ

ಕಾರವಾರದ ಎದುರಿಗೆ ಸಮುದ್ರದಲ್ಲಿರುವ ದ್ವೀಪಗಳಿಗೆ ನಮ್ಮ ಕಡೆ ಯಾರೂ ದ್ವೀಪ ಎನ್ನುವುದಿಲ್ಲ, ಗುಡ್ಡ ಎನ್ನುತ್ತಾರೆ. ದ್ವೀಪ ಎನ್ನುವವರು ಹೊರಗಿನಿಂದ ಬಂದವರು, ಇಲ್ಲವೇ ಭೂಗೋಳ ಕಲಿಸುವವರು. ಅಂಥ ಒಂದು ಗುಡ್ಡದ ಮೇಲೆ, ನನಗೆ ಇಪ್ಪತ್ತೊಂದು ವರ್ಷವಾಗಿದ್ದಾಗ, ಒಬ್ಬ ದೋಣಿಯವನು ನನ್ನನ್ನು ಮರೆತು ಬಿಟ್ಟುಬಂದ. ಈ ಕತೆಯನ್ನು ಇಪ್ಪತ್ತೈದು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಚೆನ್ನಾಗಿ ಹೇಳುತ್ತೇನೆಂದು ಕೇಳಿದವರು ಹೇಳಿದ್ದಾರೆ.

ಆಗ ನಾನು ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದುತ್ತಿದ್ದೆ. ರಜೆಗೆ ಅಂಕೋಲೆಗೆ ಬಂದಾಗ ಹಳೆಯ ಸಹಪಾಠಿಗಳು ಹತ್ತು ಮಂದಿ ಸೇರಿ ಗುಡ್ಡಕ್ಕೆ ಹೋಗುವುದೆಂದಾಯಿತು. ಕಾರವಾರದ ಹತ್ತಿರದ ಒಂದು ಮೀನುಗಾರರ ಕೇರಿಯಲ್ಲಿ ಇಂಜಿನ್ ಕಟ್ಟಿದ ಸಣ್ಣ ದೋಣಿ ಸಿಕ್ಕಿತು. ಬೆಳಿಗ್ಗೆ ಐದೈದು ಜನರಂತೆ ಎರಡು ಸಲ ಸಾಗಿಸಿದರು. ಅಲ್ಲಿ ಇಳಿಯಲು ಇದ್ದದ್ದು ಒಂದೇ ಮರಳಿನ ತುಂಡು, ನಾಲ್ಕು ಚಾಪೆ ಹಾಸಬಹುದಾದಷ್ಟು. ಉಳಿದದ್ದೆಲ್ಲ ಬಂಡೆ, ಅದರ ಮೇಲೆ ಕಾಡು. ಈಜಿದೆವು. ಅನ್ನ ಮಾಡಲು ಹೋಗಿ ಗಂಜಿ ಮಾಡಿದೆವು. ಮಧ್ಯಾಹ್ನ ನಾನೊಬ್ಬನೇ ದೂರದ ಬಂಡೆಯೊಂದರ ಮೇಲೆ ಕೂತು ಸಮುದ್ರ ನೋಡುತ್ತಿದ್ದೆ. ಆ ವಯಸ್ಸಿನಲ್ಲಿ ಹಾಗೆ ಒಬ್ಬನೇ ಕೂರುವುದು ಮುಖ್ಯವೆನಿಸುತ್ತಿತ್ತು. ದೋಣಿ ಬಂತು, ಎಲ್ಲರೂ ಹತ್ತಿದರು, ದೋಣಿ ಹೋಯಿತು. ಮತ್ತೆ ಬರಲಿಲ್ಲ. ಮರಳು ನೀರಿನೊಳಗೆ ಹೋಯಿತು. ಸೂರ್ಯ ಮುಳುಗುವ ಹೊತ್ತಿಗೆ ಗುಡ್ಡದ ಇನ್ನೊಂದು ಬದಿಯಲ್ಲಿ ಗಾಳ ಹಾಕುತ್ತಿದ್ದ ಇಬ್ಬರು ನನ್ನನ್ನು ಕಂಡು ತಮ್ಮ ದೋಣಿಯಲ್ಲಿ ಕರೆತಂದರು.

ಇಷ್ಟು ನಡೆದದ್ದು. ಅಥವಾ ಇಷ್ಟು ನಡೆದದ್ದೆಂದು ನಾನು ನಂಬಿದ್ದು. ಹಾಸ್ಟೆಲಿನಲ್ಲಿ ಹೇಳುವಾಗ ನಾನು ಅಲ್ಲಿ ಸಂಜೆಯವರೆಗೆ ಇದ್ದೆ. ಮದುವೆಯಾದ ಹೊಸತರಲ್ಲಿ ಹೇಳುವಾಗ ರಾತ್ರಿಯಿಡೀ ಇದ್ದೆ. ಮೂರನೆಯ ನೌಕರಿಯ ಸ್ಟಾಫ್ ರೂಮಿನಲ್ಲಿ ಒಂದು ಹಾವೂ ಬಂತು. ಅದು ಹೇಗೆ ಬಂತೆಂದು ನನಗೆ ಗೊತ್ತಿಲ್ಲ. ಆದರೆ ಒಮ್ಮೆ ಬಂದ ಮೇಲೆ ಅದನ್ನು ನಾನು ಕಣ್ಣಾರೆ ಕಂಡಂತೆ ವರ್ಣಿಸಬಲ್ಲವನಾಗಿದ್ದೆ. ಮಾದರಿಯ ಗಾತ್ರ ಸಾಲದು, ಆಧಾರ ಸಾಲದು ಎಂದು ಮಕ್ಕಳ ಉತ್ತರಪತ್ರಿಕೆಗಳಲ್ಲಿ ಕೆಂಪು ಶಾಯಿಯಿಂದ ಬರೆಯುವವನಿಗೆ ಇದು ಶೋಭೆಯಲ್ಲ.

ಈಗ ನಾವು ಮಲ್ಲಾಪುರದಲ್ಲಿದ್ದೇವೆ. ಹೆಂಡತಿಗೆ ಅಲ್ಲಿಯ ಶಾಲೆಯಲ್ಲಿ ಕೆಲಸ. ನಾನು ನಾಲ್ಕು ನೌಕರಿ ಬಿಟ್ಟವನು, ಮನೆಯಲ್ಲೇ ಟ್ಯೂಷನ್ ಹೇಳುತ್ತೇನೆ. ಹೋದ ಮಳೆಗಾಲದಲ್ಲಿ ಶಿರವಾಡದ ಸ್ನೇಹಿತರೊಬ್ಬರ ಹೊಸ ಮನೆಯ ಒಕ್ಕಲಿಗೆ ಹೋಗಿದ್ದೆವು. ಊಟವಾದ ಮೇಲೆ ಯಾರೋ ಗುಡ್ಡದ ಕತೆ ಹೇಳಿ ಎಂದರು. ಹೇಳಿದೆ. ದೋಣಿಯವನ ಹೆಸರು ನನಗೆ ಗೊತ್ತಿರಲಿಲ್ಲ. ಕೇರಿ ಯಾವುದು, ದೋಣಿಯ ಮೂತಿಗೆ ಎಂಥ ಕಣ್ಣು ಬರೆದಿತ್ತು, ಅವನ ಎಡಗೈಯಲ್ಲಿ ಎರಡು ಬೆರಳು ಹೇಗೆ ಮೊಂಡಾಗಿದ್ದವು, ಇದನ್ನೆಲ್ಲ ಹೇಳಿದೆ. ವಿವರ ಇಲ್ಲದಿದ್ದರೆ ಕತೆ ನಿಲ್ಲುವುದಿಲ್ಲ. ಎಲ್ಲರೂ ನಕ್ಕರು. ಹುಬ್ಬಳ್ಳಿ ಕಡೆಯ ಒಬ್ಬ ಹೆಣ್ಣುಮಗಳು ಮಾತ್ರ ನಗಲಿಲ್ಲ. ಆಕೆ ಬೀಚಿನ ಹತ್ತಿರ ಹೊಸದಾಗಿ ತೆರೆದ ಒಂದು ವಸತಿಗೃಹದ ಮ್ಯಾನೇಜರ್ ಎಂದು ಆಮೇಲೆ ತಿಳಿಯಿತು.

ಮೂರು ವಾರದ ನಂತರ ಒಂದು ಬೆಳಿಗ್ಗೆ ಆ ದೋಣಿಯವರು ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಬಂಗುಡೆ ಮೀನಿನ ಚೀಲ. ಮೊಂಡು ಬೆರಳು ಎಡಗೈಯಲ್ಲಿರಲಿಲ್ಲ, ಬಲಗೈಯಲ್ಲಿತ್ತು. ಎರಡಲ್ಲ, ಒಂದೇ. ನಾನು ಮೊದಲು ನೋಡಿದ್ದು ಅದನ್ನೇ.

ಬಂದ ವಿಷಯವನ್ನು ಅವರು ಸುತ್ತಿಬಳಸದೆ ಹೇಳಿದರು. ಮೊಣಕಾಲು ಹೋಗಿದೆ, ದೂರದ ಮೀನುಗಾರಿಕೆಗೆ ಇನ್ನು ಆಗುವುದಿಲ್ಲ. ವಸತಿಗೃಹದವರು ಮಳೆಗಾಲ ಮುಗಿದ ಮೇಲೆ ಪ್ರವಾಸಿಗರನ್ನು ಗುಡ್ಡಕ್ಕೆ ಕರೆದೊಯ್ಯಲಿದ್ದಾರೆ. ಈಜು, ಕಯಾಕು ಎಂಬ ಪುಟ್ಟ ಹುಟ್ಟುದೋಣಿ, ಮುಖಕ್ಕೆ ಗಾಜು ಕಟ್ಟಿಕೊಂಡು ನೀರಿನೊಳಗೆ ನೋಡುವುದು, ಬಂಡೆಯ ಮೇಲಿನ ನಡಿಗೆ. ದೋಣಿಗೆ ಇವರನ್ನೇ ಹಿಡಿಯುವುದೆಂದು ಮಾತಾಗಿತ್ತು. ಆಮೇಲೆ ಮ್ಯಾನೇಜರ್ ಕರೆದು, ಕಾಕಾ, ನೀವು ಒಬ್ಬ ಹುಡುಗನನ್ನು ಅಲ್ಲಿ ಮರೆತು ಬಂದಿದ್ದಿರಂತೆ, ರಾತ್ರಿಯಿಡೀ ಹಾವಿನ ಜೊತೆ ಇದ್ದನಂತೆ, ಎಂದು ಕೇಳಿದ್ದಾರೆ. ಈ ಕೆಲಸ ತಪ್ಪಿದರೆ ದಂಡೆಯಲ್ಲಿ ಕೂತು ಬೇರೆಯವರ ಬಲೆ ಹೊಲಿಯುವುದೊಂದೇ ಉಳಿಯುತ್ತದೆ.

"ನಾ ನಿಮ್ಮನ್ನ ಬೈಯೂಕೆ ಬಂದದ್ದಲ್ಲ ಮಾಸ್ತರ್ರೇ," ಎಂದರು. "ಕತೆ ಕೇಳೂಕೆ ಬಂದದ್ದು. ಊರೆಲ್ಲ ಕೇಳ್ಯದೆ, ನಾ ಒಬ್ಬ ಕೇಳ್ಲಿಲ್ಲ."

ಹೇಳಲೇಬೇಕಾಯಿತು. ಹಾವನ್ನೂ ರಾತ್ರಿಯನ್ನೂ ಬಿಟ್ಟು ಹೇಳಿದೆ. ಅವರು ಚಹಾ ಕುಡಿಯುತ್ತ, ಬೇರೆ ಯಾರದೋ ಕತೆಯೆಂಬಂತೆ ಕೇಳಿದರು. ಗಂಜಿಯ ಜಾಗದಲ್ಲಿ ನಕ್ಕರೂ ಕೂಡ.

"ಚೊಲೋ ಅದೆ," ಎಂದರು. "ಇದ್ರಲ್ಲಿ ನಾ ಎಲ್ಲಿದ್ದೆ? ದೋಣಿ ಬಂತು, ದೋಣಿ ಹೋಯ್ತು ಅಂತ್ರಿ. ದೋಣಿಗೆ ಬಾಯಿಲ್ಲ. ನಂಗೆ ಇತ್ತಲ್ಲ? ನಾ ಭರ್ತಿ ಭರ್ತಿ ಅಂತ ಮೂರು ಸಲ ಕೂಗ್ದೆ."

"ಅದೇ," ಎಂದೆ ನಾನು. "ಭರ್ತಿಯಾಗಿತ್ತು. ಇನ್ನೊಂದು ಸಲ ಬರ್ತೀರಿ ಅಂದ್ಕೊಂಡೆ."

ಒಳಗೆ ಬಂಗುಡೆ ಹೆಚ್ಚುತ್ತಿದ್ದ ಹೆಂಡತಿ ಹೊರಗೆ ಬಂದಳು. ಅವಳು ಕಾರವಾರದವಳು, ತವರುಮನೆಯಲ್ಲಿ ಕೊಂಕಣಿ. ಕತ್ತಿ ಇನ್ನೂ ಕೈಯಲ್ಲಿತ್ತು.

"ಭರ್ತಿ ಅಂದ್ರೆ ದೋಣಿ ತುಂಬೂದಲ್ಲ," ಎಂದಳು. "ಸಮುದ್ರ ತುಂಬೂದು. ನೀರು ಏರ್ತದೆ, ಬೇಗ ಬಾ ಅಂತ ಕರ್ದದ್ದು ಅವ್ರು."

ನಾನು ಅಂಕೋಲೆಯವನಾದರೂ ಸಮುದ್ರದವನಲ್ಲ. ನಮ್ಮದು ಬೇಸಾಯದ ಮನೆ, ದಂಡೆಯಿಂದ ಮೂರು ಮೈಲಿ ಒಳಗೆ. ನಾವು ನೀರಿಗೆ ಏರಿತು, ಇಳಿಯಿತು ಎನ್ನುವವರು. ಭರ್ತಿ ಎಂದರೆ ನನಗೆ ಬಸ್ಸಿನ ಬಾಗಿಲಲ್ಲಿ ಕಂಡಕ್ಟರ್ ಹೇಳುವ ಮಾತು. ಹತ್ತುವವರು ಹಿಂದೆ ಸರಿದು ಮುಂದಿನ ಬಸ್ಸಿಗೆ ಕಾಯಬೇಕೆಂದು ಅರ್ಥ. ಅದರಲ್ಲೂ ಬೆಳಿಗ್ಗೆ ನಮ್ಮನ್ನು ಎರಡು ಸಲ ಸಾಗಿಸಿದ್ದರು. ಅವರು ಬಾ ಎಂದು ಕೂಗಿದ್ದರು, ನಾನು ನಿಲ್ಲು ಎಂದು ಕೇಳಿಸಿಕೊಂಡಿದ್ದೆ.

ಆಗ ಒಂದು ವಿಷಯ ನೆನಪಾಯಿತು. ಬಂಡೆಯ ಮೇಲೆ ಕೂತಲ್ಲಿಂದಲೇ ನಾನು ಕೈ ಎತ್ತಿ ಬೀಸಿದ್ದೆ. ಆಯಿತು, ನೀವು ಹೋಗಿ, ಎಂಬ ಹಾಗೆ. ಅದನ್ನು ಹೇಳಿದೆ. ಅವರು ತಲೆಯಾಡಿಸಿ, ಆಚೆ ಬದಿಯಲ್ಲಿ ಗಾಳದವರ ದೋಣಿ ಇತ್ತಲ್ಲ, ಅದರಲ್ಲಿ ಬರುತ್ತೀರೆಂದು ಎಣಿಸಿದೆ ಎಂದರು. ನೀರು ಏರಿದ ಮೇಲೆ ಆ ಮರಳಿಗೆ ದೋಣಿ ಹಚ್ಚಲಾಗುವುದಿಲ್ಲ, ಬಂಡೆಗೆ ಬಡಿಯುತ್ತದೆ. ಅದಕ್ಕೇ ಒಂಬತ್ತೂ ಜನರನ್ನು ಒಂದೇ ಸಲ ತುಂಬಿಕೊಂಡು ಹೋದದ್ದು.

ಬಂಗುಡೆ ಊಟ ಮಾಡಿದೆವು. ಮ್ಯಾನೇಜರ್ ಮುಂದೆ ಬಂದು ಇಷ್ಟನ್ನೇ ಹೇಳಬೇಕು ಎಂದು ಕೇಳಿಕೊಂಡು ಅವರು ಮಧ್ಯಾಹ್ನದ ಬಸ್ಸಿಗೆ ಹೋದರು. ಅವರು ಹೋದ ಮೇಲೆ ಹೆಂಡತಿ, ಇಪ್ಪತ್ತೆರಡು ವರ್ಷದಿಂದ ಈ ಕತೆ ಕೇಳುತ್ತಿದ್ದೇನೆ, ಒಂದು ಸಲವೂ ಭರ್ತಿ ಎಂಬ ಶಬ್ದ ನಿಮ್ಮ ಬಾಯಲ್ಲಿ ಬಂದಿರಲಿಲ್ಲ, ಬಂದಿದ್ದರೆ ಅವತ್ತೇ ಮುಗಿಯುತ್ತಿತ್ತು, ಎಂದು ಹೇಳಿದಳು. ಪಾತ್ರೆ ತೊಳೆಯುತ್ತ ಇನ್ನೂ ಎರಡು ಸಲ ಹೇಳಿದಳು.

ನನ್ನ ತೊಂದರೆ ಶುರುವಾದದ್ದು ಆಮೇಲೆ. ಕೈ ಬೀಸಿದ್ದು ನನಗೆ ನಿಜವಾಗಿ ನೆನಪಾಯಿತೋ, ಅಥವಾ ಅವರ ಮಾತಿಗೆ ಹೊಂದುವ ಹಾಗೆ ಆ ಕ್ಷಣದಲ್ಲಿ ಹುಟ್ಟಿತೋ? ಹಾವನ್ನು ಹುಟ್ಟಿಸಿದ ತಲೆಗೆ ಒಂದು ಕೈ ಹುಟ್ಟಿಸುವುದು ಕಷ್ಟವಲ್ಲ. ಆ ದಿನದ ತಾರೀಕು ಗೊತ್ತಿದ್ದರೆ ನೀರು ಎಷ್ಟು ಹೊತ್ತಿಗೆ ಏರಿತ್ತೆಂದು ಲೆಕ್ಕ ಹಾಕಬಹುದಿತ್ತು. ತಾರೀಕು ಗೊತ್ತಿಲ್ಲ. ಹಳೆಯ ಸಹಪಾಠಿಗಳಲ್ಲಿ ಮೂವರಿಗೆ ಫೋನ್ ಮಾಡಿದೆ. ಒಬ್ಬನು ತಾನು ಆ ದಿನ ಬಂದೇ ಇರಲಿಲ್ಲ ಎಂದ. ಇನ್ನೊಬ್ಬನು, ನಿನ್ನನ್ನು ಬಿಟ್ಟುಬಂದದ್ದಲ್ಲ, ನನ್ನನ್ನು, ಎಂದ. ಮೂರನೆಯವನಿಗೆ ಹಾವು ಚೆನ್ನಾಗಿ ನೆನಪಿತ್ತು.

ಒಂದು ಫೋಟೊ ಇದೆ. ಅದರಲ್ಲಿ ನಾವು ಮರಳಿನ ಮೇಲೆ ಸಾಲಾಗಿ ನಿಂತಿದ್ದೇವೆ, ನನ್ನ ಅಂಗಿ ನೀಲಿ. ಅಂಗಿ ನೀಲಿ ಎಂದು ನನಗೆ ಸ್ಪಷ್ಟವಾಗಿ ನೆನಪಿದೆ. ಫೋಟೊ ನೋಡಿದ್ದರಿಂದ ನೆನಪಿದೆಯೋ ಏನೋ. ಹತ್ತು ಮಂದಿಯಲ್ಲಿ ಒಬ್ಬನು ಫೋಟೊ ತೆಗೆದನೆಂದರೆ ಒಂಬತ್ತು ತಲೆ ಕಾಣಬೇಕು. ಎಂಟಿವೆ.

ಮಳೆ ಕಳೆದು ಸಮುದ್ರ ಶಾಂತವಾದ ಮೇಲೆ ಒಂದು ಭಾನುವಾರ ಮ್ಯಾನೇಜರ್ ಗುಡ್ಡಕ್ಕೆ ಪರೀಕ್ಷೆಯ ಸುತ್ತು ಇಟ್ಟುಕೊಂಡರು. ದೋಣಿಯವರು ನನ್ನನ್ನೂ ಬರಹೇಳಿದ್ದರು. ಕೇಸರಿ ಬಣ್ಣದ ಜಾಕೀಟು ಕಟ್ಟಿಕೊಂಡು ಮೂವರೂ ಹೊರಟೆವು. ಮರಳಿನ ತುಂಡು ನನ್ನ ಕತೆಯಲ್ಲಿದ್ದದ್ದಕ್ಕಿಂತ ದೊಡ್ಡದಿತ್ತು. ನಾನು ಕೂತ ಬಂಡೆ ದೂರದ್ದು ಎನ್ನುತ್ತಿದ್ದೆನಲ್ಲ, ಅದು ಮರಳಿನಿಂದ ಐವತ್ತು ಹೆಜ್ಜೆ. ಎಣಿಸಿದೆ. ಅಷ್ಟು ದೂರಕ್ಕೆ ಕೂಗಿದರೆ ಕೇಳಿಸುತ್ತದೆ, ಕೈ ಬೀಸಿದರೆ ಕಾಣಿಸುತ್ತದೆ. ಮುಖ ಕಾಣಿಸುವುದಿಲ್ಲ.

ಮ್ಯಾನೇಜರ್ ಚುರುಕು. ಕಾಲು ಜಾರುವ ಕಡೆಗಳಿಗೆ ಸುಣ್ಣದಿಂದ ಗುರುತು ಹಾಕಿದರು. ಗಾಜು ಕಟ್ಟಿಕೊಂಡು ನೀರಿನೊಳಗೆ ನೋಡಿ, ಪಾಚಿ ಮತ್ತು ಮೂರು ಮೀನು ಎಂದು ವರದಿ ಮಾಡಿದರು. ಕಯಾಕನ್ನು ನನಗೆ ಕೊಟ್ಟರು. ಸಾಮಾನ್ಯ ಪ್ರವಾಸಿಗೆ ಅದು ಆಗುತ್ತದೋ ಇಲ್ಲವೋ ನೋಡಬೇಕಿತ್ತಂತೆ. ನಾನು ಎರಡು ಸಲ ಮಗುಚಿದೆ. ಎರಡನೆಯ ಸಲ ದೋಣಿಯವರು ಕುತ್ತಿಗೆಯ ಹಿಂದೆ ಜಾಕೀಟು ಹಿಡಿದು ಬೆಕ್ಕಿನ ಮರಿಯ ಹಾಗೆ ಎತ್ತಿ ದೋಣಿಗೆ ಹಾಕಿದರು. ಆಗುತ್ತದೆ, ಆದರೆ ಹಗ್ಗ ಕಟ್ಟಬೇಕು ಎಂದು ಆಕೆ ಬರೆದುಕೊಂಡರು.

ಆಮೇಲೆ ಮರಳಿನ ಮೇಲೆ ಕೂತು ಅವಲಕ್ಕಿ ತಿನ್ನುವಾಗ ಆಕೆ ಪುಸ್ತಕ ತೆಗೆದು ನನ್ನ ಕಡೆ ತಿರುಗಿದರು.

"ಸರ್, ನನಗ ಕತಿ ಬ್ಯಾಡ್ರಿ. ಮುಂದಿನ ವಾರ ಮಂದಿನ್ನ ಕಳಸೋದೈತಿ, ಸಣ್ಣ ಮಕ್ಕಳು ಇರ್ತಾರ. ಕಾಕಾ ನಿಮ್ಮನ್ನ ಇಲ್ಲಿ ಮರತು ಬಂದ್ರೋ, ಇಲ್ಲೋ?"

ನೆನಪು ಎನ್ನುವುದು ಪ್ರತಿ ಸಲ ಹೇಳಿದಾಗಲೂ ಹೊಸದಾಗಿ ಬರೆಯಲ್ಪಡುವಂಥದ್ದು, ಆದ್ದರಿಂದ ಎಂದು ನಾನು ಆರಂಭಿಸಿದೆ. ಆಕೆ ಪೆನ್ನಿನ ಮುಚ್ಚಳ ಹಾಕಿದರು. ದೋಣಿಯವರು ನೀರಿನ ಕಡೆ ನೋಡುತ್ತಿದ್ದರು.

"ಮಾಸ್ತರ್ರೇ," ಎಂದರು, ತಿರುಗದೆಯೇ. "ಹೌದು, ಅಲ್ಲ. ಎರಡೇ ಅದೆ."

"ಅಲ್ಲ," ಎಂದೆ. "ಮರೆಯಲಿಲ್ಲ. ಅವರು ಕರೆದರು. ನಾನು ತಪ್ಪು ತಿಳಿದು ಕೈ ಬೀಸಿ ಕಳಿಸಿದೆ. ರಾತ್ರಿ ಇರಲಿಲ್ಲ. ಹಾವೂ ಇರಲಿಲ್ಲ."

ಆಕೆ ಅದನ್ನು ಬರೆದುಕೊಂಡು ಓದಿ ತೋರಿಸಿ, ಕೆಳಗೆ ನನ್ನ ಸಹಿ ತೆಗೆದುಕೊಂಡರು. ಜನವರಿಯವರೆಗೆ ನೋಡೋಣ ಎಂದು ದೋಣಿಯವರಿಗೆ ಹೇಳಿದರು. ಭರ್ತಿ, ಗಿರ್ತಿ ಎನ್ನದೆ ಎಲ್ಲರಿಗೂ ತಿಳಿಯುವ ಹಾಗೆ ಕರೆಯಬೇಕು, ಹೋಗುವಾಗ ಬರುವಾಗ ತಲೆ ಎಣಿಸಬೇಕು. ಅವರು ಆಯಿತು ಎಂದರು. ನಲವತ್ತು ವರ್ಷ ಸಮುದ್ರದಲ್ಲಿದ್ದವರಿಗೆ ತಲೆ ಎಣಿಸಲು ಹೇಳಿದ್ದು ಅವರಿಗೆ ಹಿಡಿಸಲಿಲ್ಲವೆಂದು ನನಗೆ ಅನಿಸಿತು. ಆದರೆ ಬರುವಾಗ ನಮ್ಮಿಬ್ಬರನ್ನೂ ಬೆರಳು ಮಾಡಿ ಎಣಿಸಿದರು.

ದಂಡೆಗೆ ಬಂದ ಮೇಲೆ ಆಕೆ ವಸತಿಗೃಹದ ಕಡೆ ನಡೆದರು. ದೋಣಿಯವರು ಇಂಜಿನ್ ಬಿಚ್ಚಿ ಮರಳಿನ ಮೇಲಿಟ್ಟು, ಬೀಡಿ ಹಚ್ಚಿದರು.

"ಒಂದು ಹೇಳ್ತೆ," ಎಂದರು. "ನಾ ಅವತ್ತು ಕೂಗ್ದದ್ದು ನಂಗೆ ಸಮಾ ನೆನಪಿಲ್ಲ."

ನಾನು ಸಹಿ ಹಾಕಿ ಒಂದು ಗಂಟೆಯೂ ಆಗಿರಲಿಲ್ಲ. ಮೂರು ಸಲ ಎಂದು ಹೇಳಿದ್ದಿರಲ್ಲ ಎಂದು ಕೇಳಿದೆ.

"ನೀರು ಏರೂಕೆ ಹತ್ತಿದ್ರೆ ನಾ ಮೂರು ಸಲ ಕೂಗ್ತೆ. ಯಾವತ್ತೂ ಕೂಗ್ತೆ. ಅವತ್ತೊಂದಿನ ಎಂತಕೆ ಕೂಗದೇ ಇರ್ತೆ?"

ಇದು ನೆನಪಲ್ಲ, ಸಂಭವನೀಯತೆ. ಎರಡನೆಯ ವರ್ಷದ ಮಕ್ಕಳಿಗೆ ನಾನು ಕಲಿಸುವುದು ಇದನ್ನೇ. ಅವರಷ್ಟು ಚಿಕ್ಕದಾಗಿ ಎಂದೂ ಕಲಿಸಿದ್ದಿಲ್ಲ. ಅವರಿಗೆ ಕೂಗಿದ್ದು ನೆನಪಿಲ್ಲ, ನನಗೂ ಕೇಳಿದ್ದು ನಿಜವಾಗಿ ನೆನಪಿಲ್ಲ, ಅವರು ಭರ್ತಿ ಎಂದ ಮೇಲೆ ಕೇಳಿದ್ದೆ ಎನಿಸಿದ್ದು. ಉಳಿದದ್ದು ನಾನು ಕೈ ಬೀಸಿದ್ದು ಒಂದೇ. ಕೂಗಿರದಿದ್ದರೆ ಕೈ ಬೀಸಿದ್ದು ಯಾರಿಗೆ? ಕೈ ಬೀಸಿದ್ದೇ ಸುಳ್ಳಾಗಿದ್ದರೆ? ಇದನ್ನು ಮ್ಯಾನೇಜರ್‌ಗೆ ತಿಳಿಸುವುದು ನ್ಯಾಯವಲ್ಲವೇ ಎಂದು ದೋಣಿಯವರನ್ನೇ ಕೇಳಿದೆ. ಆಕೆ ಇನ್ನೂ ಗಾಳಿಮರಗಳ ಹತ್ತಿರ ಇದ್ದರು, ಕರೆದರೆ ಕೇಳಿಸುವಷ್ಟು ದೂರ.

"ಹೋಗಿ ಹೇಳಿ ಬೇಕಾರೆ," ಎಂದರು ದೋಣಿಯವರು, ಬೀಡಿಯನ್ನು ಮರಳಿಗೆ ಒತ್ತಿ. "ನಂಗೆ ದೋಣಿ ಎಳೆಯೂದು ಅದೆ."

ಅವರು ದೋಣಿಯ ಕೆಳಗೆ ಮರದ ದಿಮ್ಮಿ ಕೊಟ್ಟು, ಒಂದು ಬದಿಗೆ ಹೆಗಲು ಹಚ್ಚಿದರು. ಆ ಮೊಣಕಾಲಿಗೆ ಒಬ್ಬರೇ ಎಳೆಯುವ ದೋಣಿ ಅದಲ್ಲ. ನಾನು ಗಾಳಿಮರಗಳ ಕಡೆ ಒಮ್ಮೆ ನೋಡಿದೆ. ಆಮೇಲೆ ಚಪ್ಪಲಿ ತೆಗೆದಿಟ್ಟು ಇನ್ನೊಂದು ಬದಿ ಹಿಡಿದೆ.