ಎರಡು ರೆಕ್ಕೆಯ ವಿಮಾನಕ್ಕೆ ಎರಡು ಅಳತೆ

"ಮಗನಿಗಾ ಮೇಡಂ?"

ಶಿವಮೊಗ್ಗದ ನೆಹರು ರಸ್ತೆಯ ಆ ಮೊಬೈಲ್ ರಿಪೇರಿ ಅಂಗಡಿಯಲ್ಲಿ ನಾನಿನ್ನೂ ಮಾತು ಮುಗಿಸಿರಲಿಲ್ಲ. ರಿಮೋಟಿನಲ್ಲಿ ಹಾರಿಸುವ ಪುಟ್ಟ ವಿಮಾನ ಕಟ್ಟಬೇಕು, ಮೇಲೊಂದು ಕೆಳಗೊಂದು ರೆಕ್ಕೆ ಇರುವಂಥದ್ದು ಎಂದಿದ್ದೆ, ಅಷ್ಟೆ.

"ನನಗೆ ಮಗ ಇಲ್ಲ," ಎಂದೆ.

"ಹಂಗಾದ್ರೆ ತಮ್ಮನ ಮಗನಿಗಾ?"

"ನನಗೇ ಕಣಪ್ಪ."

ಅಂಗಡಿಯ ಪ್ರವೀಣ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು ನನ್ನನ್ನು ನೋಡಿದ. ಐವತ್ತು ದಾಟಿದ, ಕಂಕುಳಲ್ಲಿ ಉತ್ತರಪತ್ರಿಕೆಯ ಕಟ್ಟು ಹಿಡಿದ, ಪಿಯು ಕಾಲೇಜಿನ ಫಿಸಿಕ್ಸ್ ಲೆಕ್ಚರರ್. (ಅವನೇನು ಕಮ್ಮಿಯಲ್ಲ. ಭಾನುವಾರ ಬಂತೆಂದರೆ ಹೊಳೆಹೊನ್ನೂರು ಕಡೆ ಕೊಯ್ಲಾದ ಗದ್ದೆಯಲ್ಲಿ ನಿಂತು ವಿಮಾನ ಹಾರಿಸುವ ಆಸಾಮಿ. ಈ ಹುಚ್ಚು ತನಗೊಬ್ಬನಿಗೇ ಎಂದುಕೊಂಡಿದ್ದನೋ ಏನೋ.)

ಯಾಕೆ ಬೇಕಿತ್ತು? ನೀವೂ ಕೇಳುತ್ತೀರಿ, ಗೊತ್ತು. ಇಪ್ಪತ್ತಾರು ವರ್ಷದಿಂದ ನಾನು ಬೋರ್ಡಿನ ಮೇಲೆ ವಿಮಾನದ ರೆಕ್ಕೆ ಬರೆಯುತ್ತಿದ್ದೇನೆ. ಮೇಲೆ ಗಾಳಿ ಜೋರು, ಕೆಳಗೆ ನಿಧಾನ, ನಾಲ್ಕು ಬಾಣ, ಐದು ಅಂಕ. ಒಂದೇ ಒಂದು ರೆಕ್ಕೆಯನ್ನು ಕೈಯಲ್ಲಿ ಮುಟ್ಟಿರಲಿಲ್ಲ. ರಿಟೈರ್ ಆಗುವುದರೊಳಗೆ ಒಂದಾದರೂ ನನ್ನ ಕಣ್ಣೆದುರು ಏಳಲಿ ಅನಿಸಿತು. ಬೇರೆ ದೊಡ್ಡ ಕಾರಣವೇನಿಲ್ಲ.

ಪ್ರವೀಣ ಒಳ್ಳೆಯವನು. ಮೊದಲು ಥರ್ಮಾಕೋಲಿನಂಥ ಫೋಮಿನ ರೆಡಿಮೇಡ್ ವಿಮಾನ ತೋರಿಸಿದ. ಡಬ್ಬಿ ಒಡೆಯುವುದು, ಬ್ಯಾಟರಿ ಹಾಕುವುದು, ಹಾರಿಸುವುದು. ಕಟ್ಟುವ ಕೆಲಸವೇ ಇಲ್ಲ. ಬೇಡ ಎಂದೆ. ಆಮೇಲೆ ಒಂದೇ ರೆಕ್ಕೆಯ, ಕಲಿಯುವವರಿಗೆಂದೇ ಇರುವ ಮಾಡೆಲ್ ಒಂದನ್ನು ತೋರಿಸಿದ.

"ಎಲ್ರೂ ಇದ್ರಿಂದಾನೇ ಶುರು ಮಾಡೋದು ಮೇಡಂ. ಎರಡು ರೆಕ್ಕೆ ಅಂದ್ರೆ ಎರಡರಷ್ಟು ಕೆಲಸ. ಬಿದ್ರೆ ಎರಡರಷ್ಟು ಮುರಿಯುತ್ತೆ."

ಅವನ ಮಾತು ಸರಿಯಾಗಿಯೇ ಇತ್ತು. ಆದರೆ ನಾನು ಓದಿಕೊಂಡು ಹೋಗಿದ್ದೆ. (ಓದಿಕೊಂಡು ಹೋಗುವುದು ನನ್ನ ಹಳೇ ರೋಗ.) ಎರಡು ರೆಕ್ಕೆ ಇದ್ದರೆ ವಿಮಾನ ಗಿಡ್ಡವಾಗಿದ್ದರೂ ಭಾರ ಎತ್ತುತ್ತದೆ. ನಿಧಾನಕ್ಕೆ ಹಾರುತ್ತದೆ. ಗಾಳಿಗೆ ಅಡ್ಡ ಜಾಸ್ತಿ, ಹಾಗಾಗಿ ಇಳಿಯುವಾಗ ಓಡಿಹೋಗುವುದಿಲ್ಲ. ನನ್ನ ವಯಸ್ಸಿನ ಕೈಗೆ ನಿಧಾನಕ್ಕಿಂತ ಒಳ್ಳೆಯ ಗುಣ ಯಾವುದಿದೆ?

ಎರಡು ರೆಕ್ಕೆಯಲ್ಲೂ ಜಾತಿಗಳಿವೆ. ಮೂತಿ ದಪ್ಪಗಿದ್ದು ಆಕಾಶದಲ್ಲಿ ಲಾಗ ಹಾಕುವಂಥದ್ದು ಒಂದು. ಮೂಗಿನ ಮೇಲೆ ಬಂದೂಕು ಅಂಟಿಸಿಕೊಂಡ ಹಳೇ ಯುದ್ಧವಿಮಾನದ ನಕಲು ಇನ್ನೊಂದು. ಮೂರನೆಯದು ಹಿಂದಿನ ಕಾಲದಲ್ಲಿ ಪೈಲಟ್‌ಗಳಿಗೆ ಹಾರಾಟ ಕಲಿಸುತ್ತಿದ್ದ ಸಾಧು ಪ್ರಾಣಿ. ಎರಡೂ ರೆಕ್ಕೆ ಒಂದೇ ಅಳತೆ, ಒಂದೇ ಆಕಾರ. ಒಂದನ್ನು ಕಟ್ಟಲು ಕಲಿತರೆ ಇನ್ನೊಂದು ಅದರದೇ ಕಾಪಿ. ಮೇಷ್ಟ್ರಿಗೆ ಮೇಷ್ಟ್ರ ವಿಮಾನವೇ ಇರಲಿ ಎಂದು ಅದನ್ನೇ ಆರಿಸಿದೆ. ರೆಕ್ಕೆಯ ಉದ್ದ ತುದಿಯಿಂದ ತುದಿಗೆ ನೂರ ಇಪ್ಪತ್ತು ಸೆಂಟಿಮೀಟರ್. ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಅಡ್ಡಕ್ಕೆ ಮಲಗಿಸಬಹುದು.

"ಮಾರಾಯ್ತಿ, ನಾನು ಎಲ್ಲಿ ಕೂತ್ಕೊಳ್ಳೋದು?" ಎಂದರು ನನ್ನ ಗಂಡ. ಆ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲ.

ಬಾಲ್ಸಾ ಎನ್ನುವ ಮರ ಕೊರಿಯರ್‌ನಲ್ಲಿ ಬಂತು. ಬೆಂಡಿನಷ್ಟು ಹಗುರ, ಉಗುರು ತಾಗಿದರೆ ಗುರುತು ಬೀಳುತ್ತದೆ. ನಕ್ಷೆ ಸಣ್ಣ ಹಾಳೆಯಲ್ಲಿತ್ತು, ಅಳತೆಗಳನ್ನು ಅಂಕಿಯಲ್ಲಿ ಬರೆದಿದ್ದರು. ಅದನ್ನು ಖಾಕಿ ಕಾಗದದ ಮೇಲೆ ನಿಜವಾದ ಗಾತ್ರಕ್ಕೆ ಬರೆದುಕೊಳ್ಳಬೇಕು. ಪ್ಲಾಸ್ಟಿಕ್ ಸ್ಕೇಲ್ ನನಗೆ ಒಗ್ಗುವುದಿಲ್ಲ. ಅಪ್ಪನ ಪೆಟ್ಟಿಗೆಯಿಂದ ಎರಡಡಿ ಉದ್ದದ ಉಕ್ಕಿನ ಸ್ಕೇಲ್ ತೆಗೆದೆ.

ಅಪ್ಪ ಭದ್ರಾವತಿಯಲ್ಲಿ ಕಾರ್ಖಾನೆಯ ಪ್ಯಾಟರ್ನ್ ಶಾಪಿನಲ್ಲಿ ಹೆಲ್ಪರ್ ಆಗಿದ್ದವರು. ಎರಕ ಹೊಯ್ಯುವ ಮುಂಚೆ ಆ ವಸ್ತುವಿನ ಅಚ್ಚನ್ನು ಮರದಲ್ಲಿ ಮಾಡುವ ಜಾಗ ಅದು. ಅಪ್ಪನಿಗೆ ಸಹಿ ಮಾಡುವುದಷ್ಟೇ ಬರುತ್ತಿತ್ತು. ನಮ್ಮ ವಂಶದಲ್ಲಿ ಮೊದಲ ಡಿಗ್ರಿ ನನ್ನದು. ಇದನ್ನು ಈ ಅಂಕಣದಲ್ಲಿ ಹಿಂದೆಯೂ ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ. ನ್ಯೂ ಟೌನಿನ ಕ್ವಾರ್ಟರ್ಸ್‌ನಲ್ಲಿ ಏಳು ಜನರ ನಡುವೆ ಕೂತು ಓದಿ, ಶಿವಮೊಗ್ಗದವರೆಗೆ ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಬಂದು ಪಡೆದ ಬಿ.ಎಸ್ಸಿ. ಅದನ್ನು ನಾನು ಮೆಲ್ಲಗೆ ಹೇಳುವವಳಲ್ಲ.

ದಸರಾ ರಜೆಯಲ್ಲಿ ಕೆಳಗಿನ ರೆಕ್ಕೆ ಮುಗಿಯಿತು. ಪಕ್ಕೆಲುಬಿನಂಥ ಹದಿನೆಂಟು ಅಡ್ಡ ಬಿಲ್ಲೆ, ಎರಡು ಉದ್ದನೆಯ ಪಟ್ಟಿ, ಬೆರಳ ತುಂಬ ಅಂಟು. ಫೋಟೋ ತೆಗೆದು ಸೆಲ್ವ ಮಾಮನಿಗೆ ಕಳಿಸಿದೆ.

ಸೆಲ್ವ ಮಾಮ, ಅಂದರೆ ಸೆಲ್ವರಾಜ್, ಅದೇ ಶಾಪಿನಲ್ಲಿ ಪ್ಯಾಟರ್ನ್ ಮೇಕರ್ ಆಗಿದ್ದವರು, ಅಪ್ಪನ ಜೊತೆಗಾರ. ಏಳನೇ ಕ್ಲಾಸು. ಅವರು ಮಾಡಿದ ಒಂದು ಅಚ್ಚೂ ಅಳತೆ ತಪ್ಪಿದೆ ಎಂದು ವಾಪಸ್ ಬಂದಿಲ್ಲ ಎನ್ನುವುದು ನ್ಯೂ ಟೌನಿನಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಗೊತ್ತಿಲ್ಲದವರಿಗೆ ಅವರೇ ಹೇಳುತ್ತಿದ್ದರು.

ತಕ್ಷಣ ಫೋನ್ ಬಂತು. (ಮನೆಮಾತು ತಮಿಳು. ಅಕ್ಕರೆ ಬಂದರೆ ನನ್ನನ್ನು 'ಕಣ್ಣು' ಎಂದೇ ಕರೆಯುತ್ತಾರೆ.)

"ಏನ್ ಕಣ್ಣು ಇದು? ಅಂಟು ಹಿಂಗಾ ಹಚ್ಚೋದು? ಮೂಗು ಸುರಿದಂಗೆ ಇದೆ. ಇನ್ನೊಂದು ರೆಕ್ಕೆ ನಾನು ಮಾಡ್ತೀನಿ, ಮರ ಕಳಿಸು."

"ನಕ್ಷೆನೂ ಕಳಿಸ್ಲಾ ಮಾಮ?"

"ಪೇಪರ್ ಎಲ್ಲ ಬೇಡಮ್ಮಾ. ನಂಬರ್ ಹೇಳು ಸಾಕು."

ಎರಡು ವಾರದಲ್ಲಿ ರೆಕ್ಕೆ ಸಿದ್ಧವಾಯಿತು. ಉದ್ದನೆಯ ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿ, ಶಿವಮೊಗ್ಗದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, ನನಗೆ ಬಸ್ಸಿನ ನಂಬರ್ ಹೇಳಿದರು. ನಾನು ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಂಡೆ. ಬಿಚ್ಚಿ ನೋಡಿದರೆ, ಏನು ಹೇಳಲಿ, ಅಂಟು ಎಲ್ಲಿದೆ ಎಂದು ಹುಡುಕಬೇಕು. ಮಂಚದ ಮೇಲೆ ನನ್ನ ರೆಕ್ಕೆ ಇಟ್ಟು ಅದರ ಮೇಲೆ ಅವರ ರೆಕ್ಕೆ ಇಟ್ಟೆ.

ಸರಿ ಕೂರಲಿಲ್ಲ. ಎರಡೂ ತುದಿಯಲ್ಲಿ ನನ್ನ ರೆಕ್ಕೆ ಒಂದು ಬೆರಳಿನಗಲ ಆಚೆ ಬಂದಿತ್ತು.

ಸ್ಕೇಲ್ ತೆಗೆದು ಅಳೆದೆ. ನನ್ನದು ನೂರ ಇಪ್ಪತ್ತು, ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವರದು ನೂರ ಹದಿನೇಳೂವರೆ ದಾಟಿ ಸ್ವಲ್ಪ. ಮತ್ತೆ ಅಳೆದೆ. ಮೂರನೇ ಸಲವೂ ಅಳೆದೆ. ಆಮೇಲೆ ಫೋನ್ ಮಾಡಿದೆ.

"ಮಾಮ, ಎರಡೂವರೆ ಸೆಂಟಿಮೀಟರ್ ಹತ್ರ ಕಮ್ಮಿ ಬಂದಿದೆ."

ಆ ಕಡೆ ಉಳಿ ಕೆಳಗಿಟ್ಟ ಸದ್ದು.

"ಸರಿಯಾಗಿ ಅಳೆದ್ಯಾಮ್ಮಾ?"

"ಮೂರು ಸಲ."

"ಹಂಗಾದ್ರೆ ನಂದೇ ತಪ್ಪು," ಎಂದರು. "ಕಣ್ಣು ಹೋಯ್ತು ಅನ್ಸುತ್ತೆ."

ಹೋದ ವರ್ಷ ಅವರ ಒಂದು ಕಣ್ಣಿಗೆ ಪೊರೆಯ ಆಪರೇಶನ್ ಆಗಿತ್ತು, ಇನ್ನೊಂದು ಬಾಕಿಯಿತ್ತು. ಪರವಾಗಿಲ್ಲ ಬಿಡಿ ಮಾಮ, ವಯಸ್ಸಾದ ಮೇಲೆ ಆಗುತ್ತೆ ಎಂದೆ. ಸಮಾಧಾನ ಮಾಡುತ್ತಿದ್ದೇನೆ ಎಂದೇ ನಾನು ಅಂದುಕೊಂಡಿದ್ದು. ಈಗ ಆ ವಾಕ್ಯ ನೆನೆದರೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಗುತ್ತದೆ.

ನಾಲ್ಕು ದಿನದ ಮೇಲೆ ಅವರ ಹೆಂಡತಿ ಕಮಲತ್ತೆಯ ಫೋನ್.

"ರೇಣು, ಅವ್ರಿಗೆ ಏನಂದೆ ನೀನು?"

"ಏನೂ ಅಂದಿಲ್ವಲ್ಲ ಅತ್ತೆ."

"ಉಳಿ, ಬಾಚಿ ಎಲ್ಲ ಎಣ್ಣೆ ಹಚ್ಚಿ ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕವ್ರೆ. ಶಿವಮೊಗ್ಗದ ಫೌಂಡ್ರಿಯೋರು ವಾರಕ್ಕೆರಡು ದಿನ ಬಂದು ಅಚ್ಚು ಚೆಕ್ ಮಾಡಿಕೊಡಿ ಅಂದಿದ್ರು. ಸೋಮವಾರದಿಂದ ಹೋಗ್ಬೇಕಿತ್ತು. ಹೊಸ ಶರ್ಟು ಹೊಲಿಸಿದ್ರು. ಈಗ ನನ್ ಕೈಲಿ ಆಗಲ್ಲ, ಅಳತೆ ತಪ್ತಾ ಇದೆ, ಇನ್ನೊಬ್ರ ಮಾಲು ಹಾಳು ಮಾಡಲ್ಲ ಅಂತ ಅವ್ರಿಗೆ ಹೇಳ್ಬಿಟ್ರು."

ಅಳತೆ ತಪ್ಪಿದ್ದು ನಿಜವಲ್ಲವೇ? ನಿಜವನ್ನೇ ಹೇಳಿದ್ದೇನೆ, ಮೆತ್ತಗೇ ಹೇಳಿದ್ದೇನೆ. ನನ್ನ ತಪ್ಪೇನಿದೆ? ಹೀಗೆಲ್ಲ ನನಗೆ ನಾನೇ ಹೇಳಿಕೊಂಡು ಎರಡು ದಿನ ಆರಾಮಾಗಿ ಪಾಠ ಮಾಡಿದೆ.

ಶನಿವಾರ ಮಧ್ಯಾಹ್ನ ಕಾಲೇಜು ಮುಗಿಸಿ, ರೆಕ್ಕೆಯೊಳಗೆ ಎಳೆಯುವ ವೈರ್ ಎಷ್ಟು ಉದ್ದ ಬೇಕೆಂದು ಕೇಳಲು ನನ್ನ ರೆಕ್ಕೆಯನ್ನು ಪ್ರವೀಣನ ಅಂಗಡಿಗೆ ಒಯ್ದೆ. ಅವನು ಟೇಪ್ ಹಿಡಿದ.

"ನೂರ ಇಪ್ಪತ್ತು ಅಂದಿದ್ರಿ. ಇದು ನೂರ ಇಪ್ಪತ್ತೆರಡೂವರೆ ಹತ್ರ ಇದೆಯಲ್ಲ?"

"ನಿನ್ನ ಟೇಪ್ ತಪ್ಪು."

ಪಕ್ಕದ ಟೈಲರ್ ಹತ್ತಿರ ಟೇಪ್ ತಂದ. ಅಷ್ಟೇ ತೋರಿಸಿತು. ಎದುರಿನ ಹಾರ್ಡ್‌ವೇರ್ ಅಂಗಡಿಯಿಂದ ಹೊಚ್ಚಹೊಸ ಟೇಪ್ ತಂದ. ಅದೂ ಅಷ್ಟೇ.

"ಮೇಡಂ, ನಿಮ್ ಸ್ಕೇಲ್ ಒಂದು ಪೆಗ್ ಹಾಕಿದೆ," ಎಂದ ಪ್ರವೀಣ.

ಮನೆಗೆ ಬಂದು ಆ ಸ್ಕೇಲನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಮೂಲೆಯಲ್ಲಿ ಸಣ್ಣದಾಗಿ ಒಂದು ಅಂಕಿ ಕೊರೆದಿತ್ತು. 1/50. ಅಷ್ಟು ದಿನ ಅದನ್ನು ಕಂಪನಿಯ ಯಾವುದೋ ಮಾರ್ಕು ಎಂದುಕೊಂಡಿದ್ದೆ. ಬರುವಾಗ ಕೊಂಡುತಂದ ಹೊಸ ಟೇಪನ್ನು ಪಕ್ಕದಲ್ಲಿಟ್ಟೆ. ಐವತ್ತು ಸೆಂಟಿಮೀಟರ್ ಎಂದು ಇದು ಹೇಳುವ ಜಾಗದಲ್ಲಿ ನಿಜಕ್ಕೂ ಐವತ್ತೊಂದು ಇತ್ತು.

ಪ್ರತಿ ಜೂನ್ ತಿಂಗಳು ಲ್ಯಾಬಿನಲ್ಲಿ ಮಕ್ಕಳಿಗೆ ಮೊದಲ ದಿನ ನಾನು ಹೇಳುವ ಪಾಠ ಏನು ಗೊತ್ತೆ? ಅಳೆಯುವ ಮುಂಚೆ ಉಪಕರಣದಲ್ಲಿ ದೋಷವಿದೆಯೇ ನೋಡಿ. ನೋಟ್ಸ್ ಬರೆಸುತ್ತೇನೆ. ಅಡಿಗೆರೆ ಎಳೆಸುತ್ತೇನೆ.

ಭಾನುವಾರ ಬೆಳಿಗ್ಗೆ ಬಸ್ ಹತ್ತಿ ಭದ್ರಾವತಿಗೆ ಹೋದೆ. ಸೆಲ್ವ ಮಾಮ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಅಂದರೆ ಪೇಪರನ್ನು ಒಂದು ಕಣ್ಣಿನಿಂದ ಓದಿ, ಮುಚ್ಚಿ, ಇನ್ನೊಂದು ಕಣ್ಣಿನಿಂದ ಓದಿ ಪರೀಕ್ಷೆ ಮಾಡಿಕೊಳ್ಳುತ್ತಿದ್ದರು. ನಾನು ಸ್ಕೇಲನ್ನು ಅವರ ಮಡಿಲಲ್ಲಿಟ್ಟೆ.

ಅವರು ಕಣ್ಣಿನಿಂದ ನೋಡಲಿಲ್ಲ. ಹೆಬ್ಬೆರಳಿನಿಂದ ಮೂಲೆಯ ಅಂಕಿಯನ್ನು ಸವರಿದರು.

"ಇದ್ರಲ್ಲಿ ಅಳೆದ್ಯಾ?"

"ಹೂಂ."

"ಇದ್ರಲ್ಲೇ ನಂದೂ ಅಳೆದ್ಯಾ?"

"ಹೂಂ ಮಾಮ."

"ಅಯ್ಯೋ ಪಾಪಿ! ಇದು ಸ್ಟೀಲ್ ಎರಕದ ಸ್ಕೇಲಮ್ಮಾ. ನಿಮ್ಮಪ್ಪಂಗೆ ನಾನೇ ಕೊಟ್ಟಿದ್ದು."

ಮುಂದೆ ಅವರು ಹೇಳಿದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಕರಗಿದ ಉಕ್ಕು ಅಚ್ಚಿನಲ್ಲಿ ತಣ್ಣಗಾಗುವಾಗ ಕುಗ್ಗುತ್ತದೆ. ಐವತ್ತಕ್ಕೆ ಒಂದರಷ್ಟು. ಹಾಗಾಗಿ ಮರದ ಅಚ್ಚನ್ನು ಮೊದಲೇ ಅಷ್ಟು ದೊಡ್ಡದು ಮಾಡಬೇಕು. ಪ್ರತಿ ಸಲ ಲೆಕ್ಕ ಹಾಕುತ್ತ ಕೂರುವ ಬದಲು ಸ್ಕೇಲನ್ನೇ ಅಷ್ಟು ಉದ್ದ ಮಾಡಿಟ್ಟಿರುತ್ತಾರೆ. ಅದರ ಹೆಸರು ಶ್ರಿಂಕೇಜ್ ಸ್ಕೇಲ್. ಉಕ್ಕಿಗೊಂದು, ಬೀಡುಕಬ್ಬಿಣಕ್ಕೊಂದು, ಹಿತ್ತಾಳೆಗೊಂದು. ಓದು ಬಾರದ ನಮ್ಮಪ್ಪ ಯಾವ ದಿನ ಯಾವ ಸ್ಕೇಲ್ ಎತ್ತಿ ಕೊಡಬೇಕೆಂದು ಕೇಳದೆಯೇ ತಿಳಿದಿದ್ದರಂತೆ.

"ನಿನ್ನ ಬಾಲ್ಸಾ ಕರಗಿಸಿ ಹುಯ್ತೀಯಾ?" ಎಂದರು ಮಾಮ. "ಕುಗ್ಗೋಕೆ ಅದೇನು ಸ್ಟೀಲಾ?"

"ನನ್ನದೇ ತಪ್ಪು ಮಾಮ. ನೀವು ಮಾಡಿದ್ದು ಸರಿಯಾಗಿ ನೂರ ಇಪ್ಪತ್ತೇ ಇತ್ತು. ಕೂದಲೆಳೆ ಆಚೀಚೆ ಇಲ್ಲ."

ಅವರು ಎದ್ದು ಒಳಗೆ ಹೋದರು. ಅಳುತ್ತಾರೋ, ಬೈಯುತ್ತಾರೋ ಎಂದು ನಾನು ಕಾದೆ. ಎರಡೂ ಅಲ್ಲ. ಕಮಲತ್ತೆಗೆ ಕೇಳುವಂತೆ ಜೋರಾಗಿ ಫೋನ್ ಮಾಡುತ್ತಿದ್ದರು. "ಹಲೋ, ಫೌಂಡ್ರಿನಾ ಸಾರ್? ನಾನು ಸೆಲ್ವರಾಜ್. ಬೇರೆ ಯಾರನ್ನಾದ್ರೂ ಇಟ್ಕೊಂಡ್ರಾ? ಇಲ್ವಾ? ಹಂಗಾದ್ರೆ ನಾಳೆ ಬರ್ತೀನಿ. ಆಮಾ, ಕಣ್ಣು ಸರಿ ಇದೆ. ನನ್ ಕಣ್ಣು ಸರಿನೇ ಇತ್ತು."

"ಸರಿನೇ ಇತ್ತು" ಎನ್ನುವಾಗ ಬಾಗಿಲಿಂದ ಇಣುಕಿ ನನ್ನನ್ನು ನೋಡಿದರು.

ನಾನು ಯೋಚಿಸುವುದು ಇಷ್ಟೇ. ಎರಡು ಅಳತೆ ಹೊಂದದಿದ್ದಾಗ ನನ್ನ ಮುಂದೆ ಮೂರು ದಾರಿ ಇದ್ದವು. ಅವರು ತಪ್ಪಿರಬಹುದು, ನಾನು ತಪ್ಪಿರಬಹುದು, ಸ್ಕೇಲ್ ತಪ್ಪಿರಬಹುದು. ನಾನು ಮೊದಲನೆಯದಕ್ಕೇ ನಿಂತುಬಿಟ್ಟೆ. ಏಳನೇ ಕ್ಲಾಸು, ಪೊರೆ ಬಂದ ಕಣ್ಣು, ಇಷ್ಟು ವಯಸ್ಸು. ಕಾರಣಗಳೆಲ್ಲ ಸಾಲಾಗಿ ಸಿದ್ಧವಾಗಿದ್ದವು. ಕಷ್ಟಪಟ್ಟು ಪಡೆದ ಡಿಗ್ರಿಯ ಬಗ್ಗೆ ನನಗೆ ಈಗಲೂ ಹೆಮ್ಮೆಯಿದೆ. ಆದರೆ ಅದರಿಂದ ಬೇರೆಯವರನ್ನು ಅಳೆಯಲು ಯಾವಾಗ ಶುರು ಮಾಡಿದೆ? ನೆನಪಿಲ್ಲ. ಅಷ್ಟು ಹಿಂದೆಯೇ ಇರಬೇಕು.

ರೆಕ್ಕೆಯ ಕತೆ? ಹೊಸದು ಕಟ್ಟುತ್ತೇನೆ ಎಂದೆ. ಮಾಮ ಬಿಡಲಿಲ್ಲ. "ಎರಡೂ ರೆಕ್ಕೆ ಒಂದೇ ಉದ್ದ ಇರ್ಬೇಕು ಅಂತ ಏನಿಲ್ಲ. ಉದ್ದ ಇರೋದು ಮೇಲೆ ಹೋಗ್ಲಿ. ಎರಡರ ನಡುವಿನ ಕಂಬ ಸ್ವಲ್ಪ ಹೊರಗಡೆ ವಾಲುತ್ತೆ, ವಾಲ್ಲಿ." ಪ್ರವೀಣನನ್ನು ಕೇಳಿದರೆ, ಎಷ್ಟೋ ಹಳೇ ವಿಮಾನಗಳಿಗೆ ಮೇಲಿನ ರೆಕ್ಕೆಯೇ ಉದ್ದ ಎಂದ. ಒಡಲನ್ನು ಹೊಸ ಟೇಪಿನಿಂದ ಅಳೆದು ಮಾಡಿದೆ.

ಮೊನ್ನೆ ಭಾನುವಾರ ಹೊಳೆಹೊನ್ನೂರು ಕಡೆಯ ಗದ್ದೆಯಲ್ಲಿ ಹಾರಿಸಿದೆವು. ಮೊದಲು ಪ್ರವೀಣ ಏರಿಸಿದ, ಮೇಲೆ ಹೋದ ಮೇಲೆ ರಿಮೋಟ್ ನನ್ನ ಕೈಗೆ ಕೊಟ್ಟ. ಎರಡು ನಿಮಿಷ ನಾನೇ ಹಾರಿಸಿದೆ. ಬೋರ್ಡಿನ ಮೇಲಿನ ಬಾಣಗಳೆಲ್ಲ ನಿಜವಂತೆ. ಇಳಿಸುವ ಕೆಲಸ ಮತ್ತೆ ಪ್ರವೀಣನದೇ.

ಹೊಸ ಶರ್ಟು ಹಾಕಿಕೊಂಡು ಬಂದಿದ್ದ ಸೆಲ್ವ ಮಾಮ ಕೂಳೆಯ ನಡುವೆ ಕೂತು ವಿಮಾನವನ್ನು ತೊಡೆಯ ಮೇಲಿಟ್ಟುಕೊಂಡರು. ಮೇಲಿನ ರೆಕ್ಕೆಯಲ್ಲಿ ನನ್ನ ಅಂಟು ಸುರಿದ ಕಲೆಗಳನ್ನು ಬೆರಳಲ್ಲಿ ಎಣಿಸಿ, ಕೆಳಗಿನದನ್ನು ಒಮ್ಮೆ ಸವರಿ, ನನ್ನ ಮುಖ ನೋಡಿ ಹೇಳಿದರು:

"ಡಿಗ್ರಿ ಮಾಡಿದ ರೆಕ್ಕೆ ಮೇಲೆ, ಸರಿಯಾಗಿ ಮಾಡಿದ ರೆಕ್ಕೆ ಕೆಳಗೆ. ಎಲ್ಲಾ ಕಡೆ ಹಿಂಗೇ ಅಲ್ವೇನಮ್ಮಾ ಹಾರೋದು?"