ರಂಭಾಬಾಯಿ ಇಳಿಸಿದ ಬುಟ್ಟಿ

ಮರಾಠಿ ಸೀಮೆಯ ನಿಲಂಗಾದ ಹಳೇ ಪೇಟೆಯಲ್ಲಿ ನಮ್ಮ ಕಿರಾಣಿ ಅಂಗಡಿಯ ಎದುರಿಗೇ ಒಂದು ಚರ್ಚು ಇದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವನಿಗೆ ಅದರ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಗಲ್ಲೆಯ ಮೇಲೆ ಕೂತವನು ಎದುರಿಗೆ ಇದ್ದದ್ದನ್ನೇ ನೋಡಬೇಕಲ್ಲ. ನನ್ನ ಎದುರಿಗೆ ಇದ್ದದ್ದು ಚರ್ಚು. ಬುದ್ಧಿ ಬಂದಾಗಿನಿಂದ ನೋಡುತ್ತಾ ಬಂದಿದ್ದೇನೆ, ಹೀಗಾಗಿ ಅದರ ಬಗ್ಗೆ ಬಾಯಿ ಹಾಕುವ ಹಕ್ಕು ನನಗೂ ಒಂದಿಷ್ಟು ಇದೆ ಅಂದುಕೊಂಡಿದ್ದೇನೆ.

ಹೇಳಹೊರಟಿರುವುದು ರಂಭಾಬಾಯಿಯ ಕತೆ. ಚರ್ಚಿನದು ಅದರೊಳಗೇ ಬರುತ್ತದೆ. ಆಕೆ ಭಾಲ್ಕಿ ಕಡೆಯ ಹಳ್ಳಿಯವಳು. ನನ್ನ ಗೆಳೆಯ ಅಮರನಾಥನನ್ನು ಮದುವೆಯಾಗಿ ಬಂದಾಗ ಆಕೆಗೆ ಮರಾಠಿಯ ಗಂಧಗಾಳಿ ಇರಲಿಲ್ಲ. ನಮ್ಮ ಅಂಗಡಿಯ ಮಗ್ಗುಲಲ್ಲೇ ಅಮರನಾಥನ ಹಿಟ್ಟಿನ ಗಿರಣಿ. ಅವನು ತೀರಿಕೊಂಡ ಮೇಲೆ ಗಿರಣಿಯನ್ನು ಆಕೆಯೇ ನಡೆಸಿ, ಮಗ ನೀಲೇಶನನ್ನು ಓದಿಸಿ, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗುವ ತನಕ ತಂದಳು. ನಾನು ಆಕೆಗೆ ವೈನಿ, ಅಂದರೆ ಅತ್ತಿಗೆ, ಅನ್ನುತ್ತೇನೆ. ಆಕೆ ನನಗೆ ವಿಶ್ವನಾಥಣ್ಣ ಅನ್ನುತ್ತಾಳೆ, ಸಿಟ್ಟು ಬಂದ ದಿನ ಬರೀ ಅಂಗಡ್ಯಾಂವ ಅನ್ನುತ್ತಾಳೆ.

ಚರ್ಚು ಕಟ್ಟಿದ್ದು ನಿಜಾಮನ ಕಾಲದಲ್ಲಿ. ಭಾಲ್ಕಿ, ಔರಾದ ಕಡೆಯಿಂದ ದುಡಿಯಲು ಬಂದ ಕೆಲವು ಕ್ರೈಸ್ತ ಮನೆತನಗಳು ತಾವೇ ಕಲ್ಲು ಹೊತ್ತು ಕಟ್ಟಿದವು. ರಂಭಾಬಾಯಿಯ ಮಾವನೂ ಹೊತ್ತವನೇ. ಕರಿಕಲ್ಲಿನ ಗೋಡೆ, ಸಾಗುವಾನಿ ತೊಲೆ, ಮೇಲೆ ಚಪ್ಪಟೆ ಚಾವಣಿಯ ಮಣ್ಣಿನ ಮಾಳಿಗೆ. ಶಿಲುಬೆ ಒಂದನ್ನು ಬಿಟ್ಟರೆ ನಮ್ಮ ಸೀಮೆಯ ಹಳೇ ಮನೆಗಳಿಗೂ ಅದಕ್ಕೂ ಫರಕು ಇರಲಿಲ್ಲ. ಅವರದು ಪ್ರೆಸ್ಬಿಟೇರಿಯನ್ ಸಭೆ. ಹಾಗಂದರೇನು ಎಂದು ಒಮ್ಮೆ ಅಮರನಾಥನನ್ನು ಕೇಳಿದ್ದೆ.

"ಪಾಳಕರು ಪ್ರಾರ್ಥನಾ ಮಾಡ್ಸತಾರ, ಖರೇ. ಆದ್ರ ಕಾರಭಾರ ಹಿರಿಯಾರದು. ಸಭಾದವರು ಆರಿಸಿದ ಹಿರಿಯಾರು ಕೂತು ಹೂಂ ಅನ್ನೋತನಕ ಗ್ವಾಡಿಗಿ ಒಂದು ಮೊಳೀನೂ ಹೊಡಿಯಂಗಿಲ್ಲ," ಅಂದಿದ್ದ.

ಆ ಹಿರಿಯರು ತಪ್ಪದೆ ಹೂಂ ಅನ್ನುತ್ತಿದ್ದ ಕೆಲಸ ಒಂದೇ. ಮುಂಗಾರಿನ ಮಿರಗದ ಮಳೆಗೆ ಮುಂಚಿನ ಶನಿವಾರ ಪ್ರತಿ ಮನೆಯಿಂದ ಒಂದು ಬುಟ್ಟಿ ಬಿಳಿಮಣ್ಣು ತಂದು ಮಾಳಿಗೆಯ ಮೇಲೆ ಹರವಬೇಕು. ಬಿಳಿಮಣ್ಣು ಹರವಿದರೆ ನೀರು ಇಳಿಯುವುದಿಲ್ಲ, ಇದು ಇಡೀ ಸೀಮೆಗೆ ಗೊತ್ತಿದ್ದದ್ದೇ. ಇವರು ಅದಕ್ಕೆ ಪ್ರಾರ್ಥನೆ, ಹಾಡು, ಅವಲಕ್ಕಿ ಚಹಾ ಸೇರಿಸಿ ಹಬ್ಬ ಮಾಡಿಕೊಂಡಿದ್ದರು. ಆ ವರ್ಷ ಕೂಸು ಹುಟ್ಟಿದ ಮನೆಯವರದು ಮೊದಲ ಬುಟ್ಟಿ. ಆ ಕೂಸಿನ ಹೆಸರು ಹೇಳಿ ಮಣ್ಣು ಸುರಿದರೆ ಸಭೆಯೆಲ್ಲ ಚಪ್ಪಾಳೆ ಹೊಡೆಯುತ್ತಿತ್ತು.

ಇಷ್ಟೆಲ್ಲ ಮಣ್ಣು ಬಿದ್ದರೂ ಮಾಳಿಗೆ ಸೋರುತ್ತಿತ್ತು. ಅದೂ ಎಡಗಡೆ ಮಾತ್ರ. ಚರ್ಚಿನಲ್ಲಿ ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ ಜಮಖಾನದ ಮೇಲೆ ಕೂರುತ್ತಾರೆ. ಮಳೆಗಾಲದಲ್ಲಿ ಗಂಡಸರು ಬೆಚ್ಚಗೆ ಕೂತು ಹಾಡಿದರೆ ಹೆಂಗಸರು ನಡುನಡುವೆ ಸೋರುವ ನೀರಿಗೆ ಪರಾತ ಇಟ್ಟುಕೊಂಡು ಹಾಡುತ್ತಿದ್ದರು. ಹಿರಿಯರೆಲ್ಲ ಗಂಡಸರೇ. ಬಲಗಡೆ ಕೂತವರಿಗೆ ಎಡಗಡೆಯ ಸೋರಿಕೆ ಹೇಗೆ ಅವಸರದ ಮಾತಾದೀತು, ನೀವೇ ಹೇಳಿ. ಹಿರಿಯರಲ್ಲಿ ಹಿರಿಯರಾದ ಯೋಹಾನ ಮಾಸ್ತರು, ಪಾಪ, ಒಳ್ಳೆಯ ಮನುಷ್ಯ. ಆದರೆ ಅವರ ಉತ್ತರ ಪ್ರತಿ ವರ್ಷ ಅದೇ.

"ಮುಂದಿನ ಸಲ ಆ ಬಾಜೂಕ ಇನ್ನೊಂದೀಟು ಜಾಸ್ತಿ ಹಾಕೋಣ. ಕಿಲ್ಲಾರಿ ಭೂಕಂಪಕ್ಕ ಊರಿಗೆ ಊರೇ ಹೋದವು, ನಮ್ಮ ಚರ್ಚು ಅಳ್ಳಾಡಲಿಲ್ಲ. ಇದನ್ನ ಬಿಚ್ಚೋ ಮಾತು ಯಾರೂ ಆಡಬ್ಯಾಡ್ರಿ."

ರಂಭಾಬಾಯಿಯೂ ಅವರ ಪಕ್ಷವೇ ಆಗಿದ್ದಳು, ಪರಾತ ಇಟ್ಟುಕೊಂಡೇ. ಮಾವ ಕಲ್ಲು ಹೊತ್ತ ಚರ್ಚು, ಗಂಡನನ್ನು ಕೊನೇ ಸಲ ಕಳಿಸಿಕೊಟ್ಟ ಚರ್ಚು. ಹೋದ ವರ್ಷ ನೀಲೇಶನಿಗೆ ಹೆಣ್ಣು ಕೂಸು ಹುಟ್ಟಿತು. ಅದರ ದೀಕ್ಷಾಸ್ನಾನ ಆ ಮಾಳಿಗೆಯ ಕೆಳಗೆ ಆಗಬೇಕೆನ್ನುವುದು ಆಕೆಗೆ ಜೀವನದ ಆಸೆಯಾಗಿತ್ತು. ಬುಟ್ಟಿಗೆ ಬಣ್ಣ ಹಚ್ಚಿಸಿ, ದೇವಣಿ ಹಾದಿಯ ದಿಬ್ಬದಿಂದ ಒಳ್ಳೆಯ ಬಿಳಿಮಣ್ಣು ತರಿಸಿ ಇಟ್ಟಿದ್ದಳು.

ಜೋಳ ಬೀಸಿಸಲು ಗಿರಣಿಗೆ ಹೋದ ದಿನ ಜಗಳ ನನ್ನ ಕಣ್ಣೆದುರೇ ಆಯಿತು. ಸೊಸೆ ಪ್ರಾಜಕ್ತಾ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಆ ಹುಡುಗಿ ಕಿಲ್ಲಾರಿ ಕಡೆಯವಳು, ಮನೆಮಾತು ಮರಾಠಿ. ಅತ್ತೆಗೋಸ್ಕರ ಕಷ್ಟಪಟ್ಟು ಕನ್ನಡ ಕಲಿತಿದ್ದಾಳೆ.

"ಆ ಚರ್ಚಿನಾಗ ನಾ ಕೂಸು ತರಂಗಿಲ್ಲ ಅತ್ತಿ. ಉದಗೀರದಾಗ ಮಾಡೋಣ, ಅಲ್ಲಿ ಹೊಸಾ ಚರ್ಚ್ ಅದ."

"ಯಾಕ, ನಮ್ಮ ಚರ್ಚಿಗಿ ಏನ ರೋಗ ಬಂದದ? ಊರು ಮಂದಿಗಿ ಒಗ್ಗತದ, ನಿನಗ ಒಗ್ಗಂಗಿಲ್ಲ?"

ಪ್ರಾಜಕ್ತಾ ಕೂಸನ್ನು ಹೆಗಲಿಗೆ ಹಾಕಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು. "ಭೂಕಂಪದಾಗ ನಮ್ಮ ಆಜಿ, ಮಾಮಾ ಇಬ್ಬರೂ ಇಂಥಾದೇ ಮಾಳಿಗಿ ಕೆಳಗ ಹೋದ್ರು. ನನ್ನ ಹಡದ ಆಯಿ ಒಬ್ಬಾಕೀನ ಮಣ್ಣಾಗಿಂದ ಎಳದು ತಗದಾರ. ಆಯಿ ಇವತ್ತಿಗೂ ಮಣ್ಣಿನ ಮಾಳಿಗಿ ಕೆಳಗ ಹೋಗಂಗಿಲ್ಲ. ಮದುವಿ ದಿನಾನೂ ಚರ್ಚಿನ ಹೊರಗೇ ನಿಂತಿದ್ದಳು. ನೀವು ನೋಡೀರಲ್ಲ."

ನೋಡಿದ್ದೆವು. ನಾನೂ ನೋಡಿದ್ದೆ. ಬೀಗಿತ್ತಿಗೆ ಸೊಕ್ಕು ಎಂದು ರಂಭಾಬಾಯಿ ಆವತ್ತು ಗೊಣಗಿದ್ದಳು, ನಾನೂ ಹೌದಪ್ಪಾ ಹೌದು ಎಂದು ತಾಳ ಹಾಕಿದ್ದೆ. ಈಗ ವೈನಿ ಗಿರಣಿಯ ಸ್ವಿಚ್ಚು ಒತ್ತಿ ನನ್ನ ಜೋಳ ಸುರಿದಳು, ಅದು ಬೀಸಿ ಮುಗಿಯುವ ತನಕ ಯಾರ ಮುಖವನ್ನೂ ನೋಡಲಿಲ್ಲ.

ಶನಿವಾರ ಬಂತು. ಸಭೆಯೆಲ್ಲ ಬುಟ್ಟಿ ಹಿಡಿದು ಚರ್ಚಿನ ಅಂಗಳದಲ್ಲಿ ಕೂಡಿತು. ಏಣಿ ಎಂದಿನಂತೆ ನಮ್ಮ ಅಂಗಡಿಯ ಕಡೆಯ ಗೋಡೆಗೆ ಒರಗಿತ್ತು. ಮೊದಲ ಬುಟ್ಟಿ ರಂಭಾಬಾಯಿಯದು. ಯೋಹಾನ ಮಾಸ್ತರು ಕೈ ಚಾಚಿದರೆ ಆಕೆ ಕೊಡಲಿಲ್ಲ, ತಾನೇ ಏಣಿ ಹತ್ತಿದಳು. ಮೊಣಕಾಲು ನೋವಿನವಳು ಒಂದೊಂದೇ ಮೆಟ್ಟಿಲು ಹತ್ತುವುದನ್ನು ನೋಡಿ ನಾನು ಓಡಿ ಹೋಗಿ ಏಣಿ ಹಿಡಿದೆ. ಮೇಲೆ ಹೋದವಳು ಬುಟ್ಟಿಯನ್ನು ಬೋರಲು ಹಾಕಿ ತೋರಿಸಿದಳು. ಅದರಲ್ಲಿ ಮಣ್ಣಿರಲಿಲ್ಲ. ಸೊಂಟದಿಂದ ಕುರ್ಪಿ ತೆಗೆದು ಮಾಳಿಗೆಯ ಮಣ್ಣನ್ನೇ ಕೆದರಿ ಬುಟ್ಟಿಗೆ ತುಂಬತೊಡಗಿದಳು.

"ರಂಭಾಬಾಯಿ, ಇದೇನ ನಡಸೀರಿ?" ಮಾಸ್ತರು ಕೆಳಗಿನಿಂದ ಕೂಗಿದರು.

"ನನ್ನ ಮೊಮ್ಮಗಳ ಹೆಸರಲಿಂದ ಒಂದು ಬುಟ್ಟಿ ಕೆಳಗ ಇಳಸ್ಲಾಕತ್ತೀನ್ರೀ."

"ಹಿರಿಯಾರು ಹೂಂ ಅಂದಿಲ್ಲ."

"ಹಂಗಾರ ಇಲ್ಲೇ ಕೂಡ್ತೀನಿ. ಹಿರಿಯಾರು ಹತ್ತಿ ಬಂದು ನೋಡಿ ಹೂಂ ಅನ್ನಲಿ. ಕೆಳಗ ಕೂತು ಭಾಳ ವರ್ಷ ಅಂದೀರಿ."

ಹತ್ತಲೇಬೇಕಾಯಿತು. ಮಾಸ್ತರು ಸಲಾಕೆ ತರಿಸಿ ಮಣ್ಣಿಗೆ ಚುಚ್ಚಿದರು. ಬಲಗಡೆ, ಅಂದರೆ ಏಣಿಗೆ ದೂರದ ಕಡೆ, ಸಲಾಕೆ ಒಂದು ಮೊಳ ಇಳಿದು ಹಲಗೆಗೆ ತಾಗಿತು. ಎಡಗಡೆ ಇಳಿಯಿತು, ಇಳಿಯಿತು, ಮಾಸ್ತರ ಸೊಂಟದುದ್ದ ಹೋದರೂ ತಾಗಲೊಲ್ಲದು. ಅವರು ಒಮ್ಮೆ ಸಲಾಕೆ ನೋಡಿದರು, ಒಮ್ಮೆ ಏಣಿ ನೋಡಿದರು. ಏಣಿ ತಲೆಮಾರಿನಿಂದ ಆ ಒಂದೇ ಜಾಗದಲ್ಲಿತ್ತು. ಬುಟ್ಟಿ ಹೊತ್ತು ಹತ್ತಿದವರೆಲ್ಲ ಆ ತುದಿಯ ತನಕ ಯಾರು ನಡೆಯಬೇಕು ಎಂದು ಹತ್ತಿದಲ್ಲೇ ಸುರಿದು ಇಳಿದಿದ್ದರು. ಭಾರಕ್ಕೆ ತೊಲೆ ಜಗ್ಗಿತು, ಜಗ್ಗಿದಲ್ಲಿ ನೀರು ನಿಂತಿತು, ನಿಂತ ನೀರು ಸೋರಿತು, ಸೋರಿದ್ದಕ್ಕೆ ಮತ್ತೆ ಅಲ್ಲೇ ಮಣ್ಣು ಬಿತ್ತು. ಭೂಕಂಪ ಬಂದಾಗ ಇಷ್ಟು ಭಾರ ಇರಲಿಲ್ಲ ಅನ್ನುವುದು ಯಾರಿಗೂ ಹೊಳೆದಿರಲಿಲ್ಲ. ಹೆಂಗಸರ, ಮಕ್ಕಳ ನೆತ್ತಿಯ ಮೇಲೆ, ಅವೇ ಮಕ್ಕಳ ಹೆಸರು ಹೇಳಿ, ಚಪ್ಪಾಳೆ ಹೊಡೆದು ಗುಡ್ಡ ಕಟ್ಟಿದ್ದರು. ದಿನಾ ಎದುರಿಗೆ ಕೂತ ನನಗಾದರೂ ಏನು ಕಂಡಿತ್ತು, ಮಣ್ಣು.

ಮಾಸ್ತರು ಸಲಾಕೆ ಬದಿಗಿಟ್ಟು ಮಾಳಿಗೆಯ ಮೇಲೇ ಕೂತರು. "ಇದರಾಗ ನಮ್ಮ ಅಪ್ಪಂದೂ ಅದ, ನನ್ನ ಮಕ್ಕಳದೂ ಅದ," ಅಂದರು. ರಂಭಾಬಾಯಿ ಅವರ ಮಗ್ಗುಲಲ್ಲಿ ಕೂತಳು.

"ಪ್ರೀತಿಲಿಂದೇ ಹಾಕೀವ್ರೀ ಮಾಸ್ತರ. ನಾನೂ ಹಾಕೀನಿ, ನೀಲೇಶ ಹುಟ್ಟಿದಾಗ. ಈಗ ಪ್ರೀತಿಲಿಂದೇ ಇಳಸೋಣ."

ಮಾಸ್ತರು ಕಣ್ಣೊರೆಸಿಕೊಂಡು ಹೂಂ ಅಂದರು. ಉಳಿದ ಹಿರಿಯರು ಏಣಿಯ ಮೇಲೆ ನಿಂತಲ್ಲೇ ಹೂಂ ಅಂದರು. ಕೂತು ಅನ್ನಬೇಕೆಂಬ ನಿಯಮ ಆವತ್ತು ಒಂದಿಷ್ಟು ಸಡಿಲಾಯಿತು.

ಆಮೇಲೆ ನಡೆದದ್ದು ದುಡಿಮೆ. ಬುಟ್ಟಿಗಳು ಕೈಯಿಂದ ಕೈಗೆ ಇಳಿದವು. ಕೂಸಿನ ಹೆಸರು ಹೇಳಿ ಇಳಿಸಿದರು, ಮಕ್ಕಳ ಹೆಸರು ಮುಗಿದ ಮೇಲೆ ಸತ್ತವರ ಹೆಸರು ಹೇಳಿ ಇಳಿಸಿದರು. ನನ್ನ ಅಂಗಡಿಯ ಹಮಾಲರೂ ಕೈ ಹಚ್ಚಿದರು. ಅವರಿಗೆ ಅವಲಕ್ಕಿಯ ಮೇಲೆ ಕಣ್ಣಿತ್ತು, ಅದನ್ನೂ ಹೇಳಿಬಿಡುತ್ತೇನೆ. ನೀಲೇಶ ಡಿಪೋದಿಂದ ಜಾಕು ತಂದು ಜಗ್ಗಿದ ತೊಲೆಗಳನ್ನು ಎತ್ತಿ ಹಿಡಿದ. ಎರಡು ಮುರಿಯುವಂತಿದ್ದವು, ಅವನ್ನು ಬದಲಿಸಿ ಮೇಲೆ ಹಗುರ ತಗಡು ಹೊದಿಸಿದರು. ಗೋಡೆ ಅದೇ, ಕಲ್ಲು ಅದೇ. ಮಳೆ ಅಷ್ಟರಲ್ಲಿ ಎರಡು ಸಲ ಹೆದರಿಸಿ ಹೋಗಿತ್ತು.

ದೀಕ್ಷಾಸ್ನಾನ ಎಲ್ಲಿ ಎಂದು ಪ್ರಾಜಕ್ತಾ ಮಾತ್ರ ಇನ್ನೂ ಅಂದಿರಲಿಲ್ಲ. ರಂಭಾಬಾಯಿ ಕೇಳಲೂ ಇಲ್ಲ. "ಉದಗೀರಕ್ಕ ಅಂದ್ರ ಉದಗೀರಕ್ಕೇ ಹೋಗ್ತೀನಿ, ಅಣ್ಣಾ. ಆಕಿ ಕೂಸು, ಆಕಿ ಅಂಜಿಕಿ," ಎಂದು ನನ್ನ ಹತ್ತಿರ ಅಂದಳು. ಅಂದ ಮಾತು ಗಟ್ಟಿಯಾಗಿಯೇ ಇತ್ತು, ಮುಖ ಮಾತ್ರ ಬಾಡಿತ್ತು.

ಶ್ರಾವಣದ ಒಂದು ಆದಿತ್ಯವಾರ, ಜಡಿಮಳೆ. ಪ್ರಾಜಕ್ತಾ ಬೆಳಿಗ್ಗೆ ಅಂಗಡಿಗೆ ಬಂದು, "ಕಾಕಾ, ಇವತ್ತ ಚರ್ಚಿಗಿ ಬರ್ರಿ. ಕೂಸಿಂದ ದೀಕ್ಷಾ ಅದ," ಅಂದಳು. ಅವಳ ಹಿಂದೆ ಒಂದು ಕೊಡೆಯ ಕೆಳಗೆ ಅವಳ ತಾಯಿ ನಿಂತಿದ್ದಳು. ಆಕೆ ಚರ್ಚಿನ ಬಾಗಿಲಲ್ಲಿ ಮೇಲೆ ನೋಡಿದಳು, ಮಗಳ ಕೈ ಹಿಡಿದಳು, ಒಳಗೆ ಬಂದು ಎಡಗಡೆ ಕೂತಳು. ತಗಡಿನ ಮೇಲೆ ಮಳೆಯ ಸದ್ದು ಪಾಳಕರ ಮಾತನ್ನೇ ನುಂಗುವಂತಿತ್ತು, ಒಂದು ಹನಿಯೂ ಒಳಗೆ ಬೀಳಲಿಲ್ಲ.

ನೀರು ಹಾಕಿ ಆದ ಮೇಲೆ ಅವರಲ್ಲಿ ಇನ್ನೊಂದು ಕ್ರಮ ಇದೆಯಂತೆ. ಪಾಳಕರು ಕೂಸನ್ನು ಎತ್ತಿ ತೋರಿಸಿ, ಈ ಮಗುವನ್ನು ನಮ್ಮದೆಂದು ನೋಡಿಕೊಳ್ಳುತ್ತೀರಾ ಎಂದು ಸಭೆಯನ್ನು ಕೇಳುತ್ತಾರೆ. ಬಲಗಡೆಯವರು ನೋಡಿಕೊಳ್ಳುತ್ತೇವೆ ಅಂದರು. ಎಡಗಡೆಯವರೂ ಅಂದರು. ರಂಭಾಬಾಯಿ ಸೆರಗಿನಲ್ಲಿ ಬಾಯಿ ಮುಚ್ಚಿ ಅಳುತ್ತಿದ್ದಳು, ಆಕೆಗೆ ಮಾತೇ ಹೊರಡಲಿಲ್ಲ. ಪಾಳಕರು ಮುಂದಿನ ಪ್ರಾರ್ಥನೆಗೆ ಬಾಯಿ ತೆರೆದಿದ್ದರು.

"ಸ್ವಲ್ಪ ತಡೀರಿ," ಅಂದಳು ಪ್ರಾಜಕ್ತಾ. "ನಮ್ಮ ಅತ್ತಿ ಇನ್ನಾ ಹೇಳಿಲ್ಲ."

ಇಡೀ ಸಭೆ ಕಾಯಿತು. ರಂಭಾಬಾಯಿ ಎದ್ದು ನಿಂತು, ಸೊಸೆಯ ಮುಖ ನೋಡಿ, "ನೋಡ್ಕೊಂತೀನವ್ವಾ," ಅಂದಳು.