ಚನ್ನಗಿರಿಯಲ್ಲಿದ್ದ ಇನ್ನೊಬ್ಬ ಚಿಕ್ಕಮ್ಮ

ನಿನ್ನೆ ಪ್ಯಾಂಟಿನ ಅಂಚು ಹೊಲಿಸಲು ಟೈಲರ್ ಅಂಗಡಿಗೆ ಹೋಗಿದ್ದೆ. ಹೊಲಿಗೆ ಯಂತ್ರದ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ಜಗಳೂರಿನ ಚಿಕ್ಕಮ್ಮ ನೆನಪಾದಳು. ಪ್ಯಾಂಟನ್ನು ಕೊಡದೆ ಹಾಗೇ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದೆ. ನನ್ನಂಥವನಿಂದ ಇದಕ್ಕಿಂತ ಹೆಚ್ಚಿನ ವ್ಯವಹಾರಜ್ಞಾನವನ್ನು ನೀವೂ ನಿರೀಕ್ಷಿಸಬೇಡಿ.

ಚಿಕ್ಕಮ್ಮ ಎಂದರೆ ನನ್ನ ತಾಯಿಯ ತಂಗಿ, ನ್ಯಾಮತಿಯವಳು. ಎಪ್ಪತ್ತರ ದಶಕದ ಮೊದಲಲ್ಲಿ ಅವಳಿಗೆ ಒಟ್ಟೊಟ್ಟಿಗೇ ಎರಡು ಸಂಬಂಧ ಬಂದವು. ಹೆಣ್ಣು ನೋಡಲು ಬಂದ ಚನ್ನಗಿರಿಯ ಬಟ್ಟೆ ಅಂಗಡಿಯವರು ಅಜ್ಜನ ಜೊತೆಗಷ್ಟೇ ಮಾತಾಡಿ ಹೋದರು. ಜಗಳೂರಿನ ಮೇಷ್ಟ್ರು ಮಾತ್ರ ಅವಳತ್ತ ತಿರುಗಿ, "ನಿಮಗೆ ಒಪ್ಪಿಗೆ ಐತೇನ್ರಿ?" ಎಂದು ಕೇಳಿದರಂತೆ. ಅದೊಂದು ಮಾತಿಗೆ ಅವಳು ಅವರನ್ನೇ ಮದುವೆಯಾಗಿ ಬಯಲುಸೀಮೆಯ ಜಗಳೂರಿಗೆ ಹೋದಳು. ಎರಡನೇ ವರ್ಷವೇ ಮೇಷ್ಟ್ರು ಕಾಮಾಲೆಯಿಂದ ತೀರಿಕೊಂಡರು. ಬಂದವರೆಲ್ಲ ಹಣೆಬರಹ ಎಂದರು. ತವರಿಗೆ ಕರೆದರೂ ಅವಳು ಬರಲಿಲ್ಲ. ಹೊಲಿಗೆ ಯಂತ್ರ ಇಟ್ಟುಕೊಂಡು ಅಲ್ಲೇ ಒಬ್ಬಳೇ ಉಳಿದಳು.

ಎಂಬತ್ತರ ಸುಮಾರಿಗೆ ನಾನು ದಾವಣಗೆರೆಯಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ರಜೆಗೆ ಅವಳಲ್ಲಿಗೆ ಹೋಗುತ್ತಿದ್ದೆ. ಓದಿದ್ದನ್ನು ಯಾರಿಗಾದರೂ ಹೇಳದಿದ್ದರೆ ಅನ್ನ ಅರಗದ ವಯಸ್ಸು. ನಾವು ಒಂದು ದಾರಿ ಹಿಡಿದಾಗ, ಬಿಟ್ಟ ದಾರಿಯಲ್ಲಿ ನಮ್ಮಂಥವರೇ ಇನ್ನೊಬ್ಬರು ನಡೆಯುವ ಬೇರೊಂದು ಲೋಕವೂ ಇರಬಹುದು ಎಂದು ಒಂದು ಮಧ್ಯಾಹ್ನ ವಿವರಿಸಿದೆ. ಚಿಕ್ಕಮ್ಮ ಯಂತ್ರ ತುಳಿಯುವುದನ್ನು ನಿಲ್ಲಿಸಿದಳು.

"ಹಂಗಾರೆ ಚನ್ನಗಿರಿನಾಗೂ ಒಬ್ಬಳು ನಾನು ಇದ್ದೀನಾ?"

"ಇರಬೌದು. ಆದ್ರೆ ನೋಡಾಕೆ ಆಗಲ್ಲ."

"ಅಂಗಡಿನಾದ್ರೂ ನೋಡಬೌದಲ್ಲ. ಕರ್ಕಂಡು ಹೋಗು."

ಹೋದೆವು. ಅಂಗಡಿಯವರು ರವಿಕೆ ಬಟ್ಟೆ ಅಳೆಯುತ್ತ ಯಾವ ಊರು ಎಂದರು. ಹುಟ್ಟಿದ್ದು ನ್ಯಾಮತಿ ಎಂದಳು ಚಿಕ್ಕಮ್ಮ.

"ಅಲ್ಲಿ ನಾನೂ ಒಂದು ಹೆಣ್ಣು ನೋಡಿದ್ದೆ ಕಣ್ರಿ. ಯಾರ ಮನೆಯೋ, ಮರ್ತೇ ಹೋಗೈತೆ."

ಒಳಗಿನಿಂದ ಟೀ ತಂದ ಅವರ ಹೆಂಡತಿ, "ಮರೀದೆ ಇದ್ದಿದ್ರೆ ನಾನೆಲ್ಲಿ ಇರ್ತಿದ್ದೆ" ಎಂದು ನಕ್ಕರು. ಅಂಗಡಿಯವರೂ ನಕ್ಕು, ತಮ್ಮ ಟೀಯಲ್ಲಿ ಅರ್ಧವನ್ನು ಕಪ್ಪಿನ ಬಸಿಗೆ ಸುರಿದು ಹೆಂಡತಿಗೆ ಕೊಟ್ಟರು. ಚಿಕ್ಕಮ್ಮನೂ ನಕ್ಕಳು. ಅದು ನಿಜಕ್ಕೂ ಒಳ್ಳೆಯ ಮನೆಯಾಗಿತ್ತು. ಕೆಟ್ಟದ್ದಾಗಿದ್ದರೆ ಅವಳಿಗೆ ವಾಪಸು ಬರುವುದು ಸುಲಭವಾಗುತ್ತಿತ್ತು.

ವಾಪಸು ಬರುವಾಗ ಬಸ್ಸು ಸಂತೇಬೆನ್ನೂರು ದಾಟಿತು. ಆಮೇಲೆ, "ಜಗಳೂರು ಬೇಕು ಅಂದಿದ್ದು ನಾನೇ ಅಲ್ಲೇನೋ?" ಎಂದಳು.

ನಾನು ಪಂಡಿತನಲ್ಲವೇ? ಎಲ್ಲವೂ ಮೊದಲೇ ನಿಶ್ಚಯವಾಗಿರಬಹುದು, ನಾವು ಆರಿಸಿದೆವು ಅನ್ನುವುದೇ ಭ್ರಮೆ ಇರಬಹುದು, ನೀನು ನೊಂದುಕೊಳ್ಳಬೇಡ ಎಂದೆ.

"ಹಂಗನ್ನಬ್ಯಾಡಪ್ಪ. ಅವ್ರು ಕೇಳಿದ್ರು, ನಾನು ಹೂಂ ಅಂದೆ. ಅದೂ ನಂದಲ್ಲ ಅಂದ್ರೆ ನಂಗೆ ಏನು ಉಳೀತು?"

ಕಿಟಕಿಯತ್ತ ತಿರುಗಿಕೊಂಡಳು. ಸೆರಗು ಕಣ್ಣಿಗೆ ಹೋದದ್ದನ್ನು ನಾನು ನೋಡದವನಂತೆ ಕೂತೆ.

ಆಮೇಲೂ ಅವಳು ಜಗಳೂರಲ್ಲೇ ಬಾಳಿದಳು, ಅಲ್ಲೇ ಮಣ್ಣಾದಳು. ಚನ್ನಗಿರಿಯ ಮಾತು ಮತ್ತೆ ಎತ್ತಲಿಲ್ಲ. ನಾನು ಮದುವೆಯಾಗಲಿಲ್ಲ. ಬೇಡ ಅಂದವನು ನಾನೇ ಆದರೂ ಕೇಳಿದವರಿಗೆ, ಕೂಡಿ ಬರಲಿಲ್ಲ ಎನ್ನುತ್ತ ಬಂದಿದ್ದೇನೆ.

ನಿನ್ನೆ ಸಂಜೆ ಮುಂಬಾಗಿಲು ತೆಗೆದು ಕೂತಿದ್ದೆ. ಎದುರು ಮನೆಯಾಕೆ, "ಯಾರಾದ್ರೂ ಬರೋರು ಇದಾರೇನ್ರಿ?" ಎಂದರು.

"ಯಾರೂ ಇಲ್ಲಮ್ಮ," ಎಂದೆ. "ಗಾಳಿ ಬರ್ಲಿ ಅಂತ ನಾನೇ ತೆಗೆದಿಟ್ಟೆ."